ವಾಪಸ್ಸು ಬಂದ ಎಲೆ

ಅನುಷಾಳ ಅಪ್ಪನವರಿಗೆ ನಮಸ್ಕಾರ.

ಹೆಸರು ಹಿಡಿದೇ ಬರೆಯೋಣವೆಂದು ಪೆನ್ನು ಊರಿದೆ, ಕೈ ಏಳಲಿಲ್ಲ. ಗಂಡನ ಹೆಸರು ಎತ್ತಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಿಮ್ಮ ಅಮ್ಮ ಹೊಸದರಲ್ಲಿ ಹೆದರಿಸಿಟ್ಟಿದ್ದು ಇನ್ನೂ ಹೋಗಿಲ್ಲ. ಇರಲಿ. ನೀವು ಕೊಳಾಲದಲ್ಲಿ ತಂಗಿಯ ಮನೆಯಲ್ಲಿ ಚೆನ್ನಾಗಿದ್ದೀರಿ, ಹೊತ್ತಿಗೆ ಸರಿಯಾಗಿ ಮುದ್ದೆ ಉಣ್ಣುತ್ತೀರಿ, ಆದರೆ ಯಾರ ಹತ್ತಿರವೂ ಮಾತಿಲ್ಲ ಎಂದು ಮಗಳು ಹೇಳಿದಳು. ಫೋನಂತೂ ಹೋದ ದಿನದಿಂದ ಆಫ್. ಅದಕ್ಕೇ ಈ ಪತ್ರ. ಅನುಷಾ ಮಧುಗಿರಿಗೆ ಹಿಂದಿರುಗುವಾಗ ಕೊಳಾಲಕ್ಕೆ ಬಂದು ಕೈಗೆ ಕೊಡುತ್ತಾಳೆ. ಮದುವೆಯಾಗಿ ಇಷ್ಟು ಕಾಲಕ್ಕೆ ನಿಮಗೆ ಬರೆಯುತ್ತಿರುವ ಮೊದಲನೇ ಪತ್ರ. ಅದೂ ಓಟಿನ ವಿಷಯಕ್ಕೆ ಬರೆಯುವ ಹಣೆಬರಹ ಬಂತಲ್ಲ ಎಂದು ನಗು ಬರುತ್ತದೆ.

ಶುಕ್ರವಾರ ಓಟು. ಗೊತ್ತಿರುತ್ತದೆ. ನಿಮಗೆ ಹಬ್ಬ ಹುಣ್ಣಿಮೆ ಮರೆತರೂ ಓಟಿನ ದಿನ ಮರೆಯುವುದಿಲ್ಲ.

ನಿಜ ಹೇಳಲೇ, ನನಗೆ ಸಾಕಾಗಿ ಹೋಗಿದೆ. ಬಿಸಿಲು ಸಾಕು, ಹುಣಸೆಹಣ್ಣು ಕುಟ್ಟಿ ಬೀಜ ತೆಗೆದು ಬೆರಳು ನೊಂದಿದ್ದು ಸಾಕು, ಅದಕ್ಕಿಂತ ಹೆಚ್ಚಾಗಿ ಈ ಗದ್ದಲ ಸಾಕು. ಬೆಳಗಾದರೆ ಆಟೋದಲ್ಲಿ ಮೈಕು. ಹಾಡು ಹಳೆಯದು, ನಡುವೆ ಸೇರಿಸುವ ಹೆಸರು ಮಾತ್ರ ಹೊಸದು. ನೀವು ಹೋದ ಮೇಲೆ ಗೌಡಗೆರೆ ಸರ್ಕಲ್ಲಿಗೆ ಒಬ್ಬ ಅಭ್ಯರ್ಥಿ ಬಂದಿದ್ದರು. ಸಂತೆಗೆ ಹೋದವಳು ನಾನೂ ನಿಂತೆ. ತೆರೆದ ಜೀಪಿನಲ್ಲಿ ಕೈ ಮುಗಿದುಕೊಂಡು ‘ಪಾವಗಡದ ಮಹಾಜನಗಳೇ’ ಎಂದು ಶುರು ಮಾಡಿದರು. ಪಕ್ಕದವನು ಕಿವಿಯಲ್ಲಿ ಊದಿದ. ‘ಗೌಡಗೆರೆಯ ಮಹಾಜನಗಳೇ’ ಅಂದರು. ನಮ್ಮವರು ಎರಡಕ್ಕೂ ಚಪ್ಪಾಳೆ ತಟ್ಟಿದರು. ರೈಲು ತರುತ್ತೇನೆ ಅಂದರು. ನಾನು ಲಂಗ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಾಗಿನಿಂದ ಆ ರೈಲು ಬರುತ್ತಲೇ ಇದೆ. ಪಾಪ, ಅದಕ್ಕೂ ಸುಸ್ತಾಗಿರಬೇಕು.

ನಮ್ಮ ಕಡೆಯದ್ದೇ ಒಂದು ತಮಾಷೆ ನೋಡಿ. ಜಿಲ್ಲೆ ಒಂದು, ಅಕ್ಕಪಕ್ಕದ ತಾಲ್ಲೂಕಿಗೇ ಎಂಪಿಗಳು ಇಬ್ಬರು. ಮಧುಗಿರಿಯ ಮಗಳು, ಕೊರಟಗೆರೆ ಸೀಮೆಯ ನಿಮ್ಮ ತಂಗಿ ತುಮಕೂರಿಗೆ ಓಟು ಹಾಕುತ್ತಾರೆ. ಶಿರಾದವರು ನಾವು, ಪಾವಗಡದ ವಳ್ಳೂರಿನಲ್ಲಿರುವ ನಮ್ಮಕ್ಕ, ಚಿತ್ರದುರ್ಗಕ್ಕೆ ಹಾಕುತ್ತೇವೆ. ಮಳೆ ಹೋದರೆ ನಾಲ್ಕೂ ತಾಲ್ಲೂಕಿಗೆ ಒಟ್ಟಿಗೇ ಹೋಗುತ್ತದೆ, ಹೇಳಿಕೊಳ್ಳುವುದಕ್ಕೆ ಮಾತ್ರ ಬೇರೆ ಬೇರೆ ಬಾಗಿಲು. ನಮ್ಮದು ಮೀಸಲು ಸೀಟು. ‘ನಮ್ಮೋರು ಯಾರೂ ನಿಂತಿಲ್ಲವಲ್ಲ, ಯಾರಾದರೇನು ಬಿಡು’ ಎಂದು ನಮ್ಮ ಬೀದಿಯ ಗಂಡಸರು ಪ್ರತಿ ಸಲವೂ ಮುಖ ಸಿಂಡರಿಸುತ್ತಾರೆ. ನನಗೆ ಮೈ ಉರಿಯುತ್ತದೆ. ಹೆಣ್ಣು ಕೊಟ್ಟು ತರುವುದಾದರೆ ಕುಲ ಗೋತ್ರ ಕೇಳಿಕೊಳ್ಳಲಿ. ಓಟು ಕೊಟ್ಟರೆ ಅಭ್ಯರ್ಥಿ ಬಂದು ನಮ್ಮನೆ ಅಳಿಯನಾಗುತ್ತಾನೆಯೇ? ನಮ್ಮೋರು ಎನ್ನುವ ಆ ಒಂದು ಮಾತು ಇಲ್ಲದೆ ಮನುಷ್ಯನ ಮುಖ ನೋಡಿ ಆರಿಸುವ ಅವಕಾಶ ನಮಗೆ ಸಿಕ್ಕಿದೆ. ಅದನ್ನೇ ನಷ್ಟ ಅನ್ನುತ್ತಾರಲ್ಲ.

ನೀವು ಹಾಗೆ ಅನ್ನುತ್ತಿರಲಿಲ್ಲ, ಒಪ್ಪುತ್ತೇನೆ. ನಿಮ್ಮ ರೋಗ ಬೇರೆ. ನಿಮಗೆ ಅಭ್ಯರ್ಥಿ ಯಾರು ಎನ್ನುವುದೇ ಮುಖ್ಯವಾಗಿರಲಿಲ್ಲ. ಸಾಹೇಬ್ರು ಯಾರ ಕಡೆ ಕೈ ತೋರಿಸುತ್ತಾರೋ ಅವರೇ ಅಭ್ಯರ್ಥಿ. ತಾಲ್ಲೂಕಿನ ಮುಖಂಡರು, ನಿಜ. ನಿಮ್ಮ ಅಪ್ಪ ತೀರಿಕೊಂಡಾಗ ರಾತ್ರಿಯೆಲ್ಲ ನಮ್ಮ ಜಗಲಿಯ ಮೇಲೆ ಕೂತಿದ್ದರು, ಅದೂ ನಿಜ. ಆ ಒಂದು ರಾತ್ರಿಗೆ ನೀವು ಆಯಸ್ಸೆಲ್ಲ ಅವರ ಹಿಂದೆ ನಡೆದಿರಿ.

ಆದರೆ ನೀವು ಓಟು ಕೇಳುವ ರೀತಿ ಮಾತ್ರ ನಿಮ್ಮದೇ. ಬೇರೆಯವರು ಕವರು ಹಂಚಿದರೆ ನೀವು ಎಲೆ ಅಡಿಕೆ ಹಂಚಿದಿರಿ. ಬೆಳಗ್ಗೆ ಸ್ನಾನ ಮಾಡಿ, ಹೆಗಲ ಟವೆಲ್ಲಿನಲ್ಲಿ ವೀಳ್ಯದೆಲೆ ಸುತ್ತಿಕೊಂಡು, ಬೀದಿಯ ಒಂದೊಂದು ಮನೆಗೂ ಹೋಗಿ ಕೂತು, ಕಷ್ಟ ಸುಖ ಕೇಳಿ, ಕೊನೆಗೆ ಎರಡು ಎಲೆ ಒಂದು ಅಡಿಕೆ ಮನೆಯ ಹಿರಿಯರ ಕೈಗಿಡುತ್ತಿದ್ದಿರಿ. ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ‘ನೋಟು ಕೊಟ್ಟೋನು ಮಾಲು ಕೊಂಡ್ಕಂಡಂಗೆ, ಎಲೆ ಕೊಟ್ಟೋನು ಮಾತು ಇಸ್ಕಂಡಂಗೆ’ ಎಂದು ನೀವು ಹೇಳುವಾಗ, ನೆಟ್ಟಗೆ ಹೇಳುತ್ತೇನೆ, ನನಗೆ ಹೆಮ್ಮೆಯಾಗುತ್ತಿತ್ತು. ಹೊರಗೆ ಮಾತ್ರ ‘ಹೊಲ ಬಿಟ್ಟು ಎಲೆ ಮಾರೋಕೆ ಹೊರಟ್ರು’ ಎಂದು ಗೊಣಗುತ್ತಿದ್ದೆ.

ಈ ಸಲವೂ ಹಾಗೇ ಬೀದಿಯೆಲ್ಲ ಸುತ್ತಿ ಮಾತು ತೆಗೆದುಕೊಂಡು ಬಂದಿರಿ. ಸಾಹೇಬ್ರು ಇರುವ ಪಕ್ಷಕ್ಕೆ, ಅವರು ತೋರಿಸಿದ ಅಭ್ಯರ್ಥಿಗೆ. ವಾರ ಕಳೆದಿತ್ತೋ ಇಲ್ಲವೋ, ಸಾಹೇಬ್ರು ಆ ಕಡೆಗೆ ಹಾರಿದರು. ಟಿವಿಯಲ್ಲಿ ಅವರ ಕೊರಳಿಗೆ ಬೇರೆ ಬಣ್ಣದ ಶಾಲು ಬಿದ್ದದ್ದನ್ನು ನಾವಿಬ್ಬರೂ ಊಟಕ್ಕೆ ಕೂತು ನೋಡಿದೆವು. ನೀವು ತುತ್ತು ಹಿಡಿದುಕೊಂಡೇ ಕೂತಿರಿ. ಆರು ಕೊಟ್ಟರೆ ಅತ್ತೆ ಕಡೆ, ಮೂರು ಕೊಟ್ಟರೆ ಸೊಸೆ ಕಡೆ ಎಂದು ನನ್ನ ಬಾಯಿಗೆ ಬಂತು, ನಿಮ್ಮ ಮುಖ ನೋಡಿ ನುಂಗಿಕೊಂಡೆ. ಅಷ್ಟರಲ್ಲಿ ಅವರದೇ ಫೋನು ಬಂತು. ನಿಮ್ಮ ಫೋನು ಸ್ಪೀಕರಿನಲ್ಲಿ ಹಾಕದಿದ್ದರೆ ಕೇಳಿಸುವುದಿಲ್ಲವಲ್ಲ, ಹಾಗಾಗಿ ನನಗೂ ಕೇಳಿಸಿತು. ಅವರು ಅಂದದ್ದನ್ನು ಹಾಗೇ ಬರೆಯುತ್ತೇನೆ, ಹೆಸರು ಎತ್ತಿದ್ದು ಅವರು, ನಾನಲ್ಲ.

‘ರಂಗೇಶ, ಏನೂ ತಲೆ ಕೆಡಿಸ್ಕಬ್ಯಾಡ ಕಣಪ್ಪ. ಎಲ್ರಿಗೂ ಒಂದು ಮಾತು ಹೇಳ್ಬುಡು, ನಾವೀಗ ಈ ಕಡೆ ಅಂತ. ನಿನ್ನ ಮಾತು ಯಾರು ತೆಗೆದಾಕ್ತಾರೆ?’

ಅಷ್ಟೇ. ಯಾಕೆ ಹೋದೆ ಎಂದು ಹೇಳಲಿಲ್ಲ. ನಿನಗೆ ಕಷ್ಟವಾಗುತ್ತದೆಯೇ ಎಂದು ಕೇಳಲಿಲ್ಲ. ಇವರ ಮಾತನ್ನು ಹೆಗಲ ಮೇಲೆ ಹೊತ್ತು ಮನೆ ಮನೆಗೆ ಮುಟ್ಟಿಸಿದವರು ನೀವು, ಈಗ ಅದನ್ನೇ ತಿರುಗಿಸಿ ಹೊರಬೇಕು. ಬೇಡ, ಹೋಗಬೇಡಿ ಎಂದು ನಾನು ಹೇಳಿದೆ. ಓಟು ಅವರವರ ಇಷ್ಟಕ್ಕೆ ಬಿಟ್ಟುಬಿಡಿ ಅಂದೆ. ನೀವು ಕೈ ತೊಳೆದುಕೊಂಡು, ‘ಇಷ್ಟು ದಿನ ಅವರ ಮಾತು ಮೀರಿಲ್ಲ’ ಅಂದಿರಿ. ಮರುದಿನ ಮತ್ತೆ ಎಲೆ ಕೊಂಡು ತಂದಿರಿ.

ಮೊದಲು ಹೋಗಿದ್ದು ಹನುಮಕ್ಕನ ಮನೆಗೆ. ಬೀದಿಯ ಹಿರಿಯಳು, ಗಂಡ ಹೋದ ಮೇಲೆ ಒಬ್ಬಳೇ ಇರುವವಳು, ನಿಮ್ಮನ್ನು ಎತ್ತಿ ಆಡಿಸಿದವಳು. ಅವಳು ಹೇಳಿದ್ದನ್ನು ನೀವು ಬಂದು ನನಗೆ ಒಂದಕ್ಷರ ಬಿಡದೆ ಹೇಳಿದಿರಿ: ‘ರಂಗೇಶ, ನಿನ್ನ ಮೊದಲ್ನೇ ಎಲೆ ನಾನು ತಿಂದಾಗೈತೆ. ಈಗ ಇನ್ನೊಂದು ಇಸ್ಕಂಡ್ರೆ ಅದ್ನ ಯಾವ ಬಾಯಿಗೆ ಹಾಕ್ಕಳ್ಳಲಪ್ಪ?’

ನೀವು ಮುಂದಿನ ಮನೆಗೆ ಹೋಗಲಿಲ್ಲ. ಮಿಕ್ಕ ಎಲೆಯನ್ನು ದನದ ಕೊಟ್ಟಿಗೆಯ ಗೂಡಿನಲ್ಲಿಟ್ಟು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದಿರಿ. ಆ ಬೆನ್ನು ನೋಡಿ ನನಗೆ ಅಳು ಬಂತು. ಕೋಪವೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮಾರನೇ ಬೆಳಗ್ಗೆ ಬಾಗಿಲಿಗೆ ನೀರು ಹಾಕಲು ಎದ್ದವಳು ನಾನೇ. ಜಗಲಿಯ ತುಂಬ ಎಲೆ. ಎರಡೆರಡು ಎಲೆ ಜೋಡಿಸಿ, ಸಾಲಾಗಿ, ಬೀದಿಯಲ್ಲಿ ಎಷ್ಟು ಮನೆಯೋ ಅಷ್ಟು ಜೊತೆ. ಯಾರೂ ಬಾಗಿಲು ತಟ್ಟಿರಲಿಲ್ಲ, ಯಾರೂ ಬೈದಿರಲಿಲ್ಲ. ನೀವು ಹೊರಗೆ ಬಂದು ನೋಡಿದಿರಿ. ನಮ್ಮೂರಲ್ಲಿ ಒಪ್ಪಿದ ಸಂಬಂಧ ಮುರಿದರೆ ವೀಳ್ಯ ಹಿಂದಕ್ಕೆ ಕಳಿಸುವುದು ಉಂಟಲ್ಲ, ಅದೇ ನೆನಪಾಗಿರಬೇಕು ನಿಮಗೆ. ನನಗೂ ಅದೇ ನೆನಪಾಯಿತು. ಊರು ನಿಮ್ಮ ಜೊತೆ ಸಂಬಂಧ ಕಡಿದುಕೊಂಡಿತು ಎಂದೇ ಇಬ್ಬರೂ ತಿಳಿದೆವು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ’ ಎಂದು ಹೇಳಿ ಬ್ಯಾಗಿಗೆ ಎರಡು ಪಂಚೆ ಹಾಕಿಕೊಂಡು ಮೊದಲನೇ ಬಸ್ಸಿಗೆ ಹೋದಿರಿ. ಕಾಫಿ ಕುಡಿದು ಹೋಗಿ ಅಂದದ್ದೂ ಕೇಳಿಸಲಿಲ್ಲ ನಿಮಗೆ.

ಇನ್ನು ನಾನು ಏನು ಮಾಡಿದೆ ಕೇಳಿ. ನನ್ನ ಬುದ್ಧಿ ನಿಮಗೆ ಗೊತ್ತೇ ಇದೆ. ಸೆರಗು ಸಿಕ್ಕಿಸಿಕೊಂಡು ಸೀದಾ ಹನುಮಕ್ಕನ ಮನೆಗೆ ಹೋದೆ. ಹೆಂಗಸರೆಲ್ಲ ಅಲ್ಲೇ ನೆರಳಲ್ಲಿ ಹುಣಸೆಹಣ್ಣು ಕುಟ್ಟುತ್ತಾ ಕೂತಿದ್ದರು. ಬಾಯಿಗೆ ಬಂದದ್ದೆಲ್ಲ ಅಂದೆ. ಎದುರಿಗೆ ಬಂದು ಉಗಿಯಬಹುದಿತ್ತು, ಕಳ್ಳರ ಹಾಗೆ ಕತ್ತಲಲ್ಲಿ ಎಲೆ ಇಟ್ಟು ಹೋಗುವುದು ಯಾವ ಮರ್ಯಾದೆ, ನಿಮ್ಮ ಮನೆಯ ಮದುವೆ ಮುಂಜಿ ಸಾವು ನೋವು ಯಾವುದಕ್ಕೆ ಅವರು ಬರಲಿಲ್ಲ ಎಂದು ಕೂಗಾಡಿದೆ. ಎಲ್ಲರೂ ಕೈಯಲ್ಲಿದ್ದ ಕೊಡತಿ ಕೆಳಗಿಟ್ಟು ನನ್ನನ್ನೇ ನೋಡಿದರು. ಹನುಮಕ್ಕ ಪಕ್ಕಕ್ಕೆ ಜರುಗಿ ಕೂರಲು ಜಾಗ ಮಾಡಿದಳು.

‘ಅಯ್ಯೋ ಹುಚ್ಚಿ,’ ಅಂದಳು, ‘ಅವ್ನಿಗೆ ಅವಮಾನ ಮಾಡಾಕೆ ಇಟ್ವಾ? ಎಲೆ ನಮ್ಮತ್ರ ಇದ್ರೆ ಅವನ ಮಾತು ನಮ್ಮತ್ರ ಸಿಕ್ಕಾಕ್ಕಂಡಂಗೆ ಕಣಮ್ಮ. ಆ ಕಡೆ ಸಾಹೇಬ್ರು ಜಗ್ತಾರೆ, ಈ ಕಡೆ ನಾವು ಜಗ್ತೀವಿ, ನಡುವೆ ಅವ್ನು ಹರ್ದೋಗ್ತಾನೆ. ಅದ್ಕೆ ತಿಂದಿದ್ದ ಎಲೆಗೆ ಬದ್ಲು ಹೊಸ ಎಲೆ ತಂದು, ಅವ್ನ ಮಾತು ಅವ್ನಿಗೆ ಕೊಟ್ಬುಟ್ವಿ. ಇನ್ನು ಯಾರಿಗೂ ಏನೂ ಹೇಳ್ಬೇಕಾಗಿಲ್ಲ ಅವ್ನು. ಎದುರಿಗೆ ಕೊಟ್ರೆ ನಾಚ್ಕೋತಾನೆ ಅಂತ ಹೊತ್ತು ಮುಂಚೆ ಇಟ್ಟು ಬಂದ್ವಿ.’

ಪಕ್ಕದ ಮನೆಯ ಪರ್ವತಯ್ಯನ ಹೆಂಡತಿ ಮೆಲ್ಲಗೆ ಕೇಳಿದಳು, ಅಡಿಕೆ ನೋಡಲಿಲ್ಲವಾ ಅಕ್ಕ ಎಂದು.

ಮುರಿದ ಸಂಬಂಧಕ್ಕೆ ನಮ್ಮೂರಲ್ಲಿ ಬರೀ ಎಲೆ ಕಳಿಸುತ್ತಾರೆ, ಅಡಿಕೆ ಇಡುವುದಿಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ, ನಿಮಗೂ ಗೊತ್ತಿಲ್ಲದ್ದಲ್ಲ. ಓಡಿ ಬಂದು ನೋಡಿದೆ. ಒಂದೊಂದು ಜೊತೆ ಎಲೆಯ ಕೆಳಗೂ ಒಂದೊಂದು ಅಡಿಕೆ ಇತ್ತು. ಉರುಳಿ ಹೋಗದಿರಲಿ ಎಂದು ಎಲೆಯ ತೊಟ್ಟನ್ನು ಮಡಚಿ ಅದರಡಿ ಸಿಕ್ಕಿಸಿದ್ದರು. ಹೆದರಿದ ಕಣ್ಣಿಗೆ ಎಲೆ ಮಾತ್ರ ಕಂಡಿತು, ನಮ್ಮಿಬ್ಬರಿಗೂ. ಅಡಿಕೆಗೆ ಹೋದ ಮಾನ ಎಂದಿರಲ್ಲ, ನಿಮ್ಮ ಮಾನ ಎಲ್ಲಿಗೂ ಹೋಗಿರಲಿಲ್ಲ. ಬೀದಿಯವರೆಲ್ಲ ಸೇರಿ ಅದನ್ನು ಜೋಪಾನವಾಗಿ ತಂದು ನಮ್ಮ ಜಗಲಿಯ ಮೇಲೆ ಇಟ್ಟಿದ್ದರು. ನೀವು ಅದನ್ನೇ ದಾಟಿಕೊಂಡು ಬಸ್ಸು ಹತ್ತಿದಿರಿ.

ಇದನ್ನು ಹೇಳಲೆಂದೇ ಬರೆಯಲು ಕೂತದ್ದು. ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಪೆನ್ನು ಹಿಡಿದದ್ದಾಯಿತು, ಇನ್ನೂ ಸ್ವಲ್ಪ ಇದೆ.

ಈಗ ಬೀದಿಯಲ್ಲಿ ಯಾರ ಓಟೂ ಯಾರಿಗೂ ಕೊಟ್ಟದ್ದಲ್ಲ. ಹುಣಸೆಹಣ್ಣಿನ ಮುಂದೆ ಕೂತು ಹೆಂಗಸರು ಯಾರಿಗೆ ಹಾಕುವುದು ಎಂದು ನಿಜವಾಗಿಯೂ ಯೋಚನೆ ಮಾಡುತ್ತಿದ್ದಾರೆ, ನಾನು ನೋಡಿದ ಹಾಗೆ ಇದೇ ಮೊದಲು. ಒಬ್ಬಳು ದೇಶ ದೊಡ್ಡದು, ಮೇಲೆ ಯಾರು ಕೂರುತ್ತಾರೆ ಅಷ್ಟೇ ನೋಡಬೇಕು ಅನ್ನುತ್ತಾಳೆ. ಇನ್ನೊಬ್ಬಳು ಮೇಲಿನವರು ನಮಗೆ ಕಾಣುತ್ತಾರಾ, ಕೆಳಗೆ ಸಿಗುವವನು ಯಾರು ಅದು ಹೇಳು ಅನ್ನುತ್ತಾಳೆ. ಇಬ್ಬರದ್ದೂ ಸರಿ ಅನಿಸುತ್ತದೆ ನನಗೆ. ನೀನು ಯಾರಿಗೆ ಹಾಕ್ತೀಯ ಎಂದು ನನ್ನನ್ನು ಕೇಳಿದರು. ನಗಾಡಿ ಹುಣಸೆಹಣ್ಣು ಕುಟ್ಟತೊಡಗಿದೆ.

ನಿಮಗೂ ಯಾರಿಗೆ ಎಂದು ಹೇಳುವುದಿಲ್ಲ. ಹೇಗೆ ಎಂದು ಹೇಳುತ್ತೇನೆ. ಸತ್ತ ಮನೆಗೆ ಬಂದು ಹಾರ ಹಾಕಿದವನನ್ನೆಲ್ಲ ನಾನು ಒಳ್ಳೆಯವನು ಎಂದು ನಂಬುವುದಿಲ್ಲ, ನೀವು ನಂಬುತ್ತೀರಿ. ದಿಲ್ಲಿಗೆ ಕಳಿಸುವವನ ಹತ್ತಿರ ಚರಂಡಿ ಕೇಳುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ, ಚರಂಡಿಗೆ ಪಂಚಾಯ್ತಿ ಇಲ್ಲವೇ? ಸೋತ ಮೇಲೂ ಈ ಕಡೆ ಮುಖ ಹಾಕಿದವರು ಯಾರು ಎಂದು ನೋಡುತ್ತೇನೆ, ಗೆದ್ದವನನ್ನು ಎಲ್ಲರೂ ನೋಡುತ್ತಾರೆ. ಹೆಂಗಸರು ಮಾತಾಡುವಾಗ ಅವನ ಕಣ್ಣು ನಮ್ಮ ಮೇಲಿರುತ್ತದೋ ಫೋಟೋ ತೆಗೆಯುವವನ ಮೇಲಿರುತ್ತದೋ ನೋಡುತ್ತೇನೆ. ಇನ್ನೊಂದು ಜಾತಿಯವರನ್ನು ಬೈದು ನನ್ನನ್ನು ಖುಷಿಪಡಿಸಲು ನೋಡುವವನಿಗಂತೂ ಸುತರಾಂ ಹಾಕುವುದಿಲ್ಲ. ಇವತ್ತು ಅವರ ವಿಷಯ ನನ್ನ ಹತ್ತಿರ ಆಡಿದವನು ನಾಳೆ ನನ್ನ ವಿಷಯ ಅವರ ಹತ್ತಿರ ಆಡುತ್ತಾನೆ. ಯಾರೂ ಬೇಡ ಎನ್ನುವ ಬಟನ್ನೂ ಇದೆಯಲ್ಲ, ಒಂದೊಂದು ಸಲ ಬೆರಳು ಅತ್ತ ಹೋಗುತ್ತದೆ. ಸಾರು ಚೆನ್ನಾಗಿಲ್ಲ ಎಂದು ಉಪವಾಸ ಮಲಗಿದರೆ ಹೊಟ್ಟೆ ಉರಿಯುವುದು ನನ್ನದೇ ಎಂದು ಹಿಂದಕ್ಕೆ ತೆಗೆಯುತ್ತೇನೆ. ಇಷ್ಟೆಲ್ಲ ಅಳೆದು ತೂಗಿ ಹಾಕಿದವರು ಸೋತದ್ದೂ ಇದೆ, ಗೆದ್ದು ತಿರುಗಿ ನೋಡದೆ ಹೋದದ್ದೂ ಇದೆ. ಅದಕ್ಕೇ ಸುಸ್ತು ಅಂದದ್ದು. ಎಲ್ಲರೂ ಅಷ್ಟೇ ಬಿಡು ಎಂದು ಹೇಳಿದರೆ ಆ ಸುಸ್ತು ಒಂದು ಗಳಿಗೆಗೆ ಹೋಗುತ್ತದೆ, ಗೊತ್ತು. ಆದರೆ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಎಲ್ಲರೂ ಅಷ್ಟೇ ಆಗಿದ್ದರೆ ಸಾಹೇಬ್ರಿಗೂ ನಿಮಗೂ ವ್ಯತ್ಯಾಸ ಇರಬಾರದಿತ್ತು.

ಇದೆಲ್ಲ ಯಾವಾಗ ಕಲಿತೆ ಎಂದು ಕೇಳುತ್ತೀರಿ. ನೀವೇ ಕಲಿಸಿದಿರಿ, ಗೊತ್ತಿಲ್ಲದೆ. ಊರಿಗೆಲ್ಲ ಎಲೆ ಕೊಟ್ಟ ನೀವು ಸ್ವಂತ ಮನೆಯಲ್ಲಿ ಹೆಂಡತಿಗೆ ಒಂದು ಸಲವೂ ಕೊಡಲಿಲ್ಲ. ‘ಮನೆ ಓಟು ಎಲ್ಲಿಗೆ ಹೋಯ್ತದೆ’ ಅಂದಿರಿ. ಮೊದಮೊದಲು ಬೇಜಾರಾಗಿತ್ತು. ಆಮೇಲೆ ಯೋಚನೆ ಮಾಡಿದೆ. ಎಲೆ ತೆಗೆದುಕೊಳ್ಳದವಳು ಮಾತು ಕೊಟ್ಟವಳಲ್ಲ. ಆವತ್ತಿನಿಂದ ನನ್ನ ಓಟನ್ನು ನನಗೆ ಸರಿ ಕಂಡವರಿಗೇ ಹಾಕುತ್ತಾ ಬಂದಿದ್ದೇನೆ. ಕೆಲವು ಸಲ ನೀವು ಹೇಳಿದವರಿಗೇ ಬಿದ್ದಿರಬಹುದು, ಕೆಲವು ಸಲ ಇಲ್ಲ.

ನೀವು ಹೋದ ಮೇಲೆ ಒಂದು ಮಾತು ಬಂದು ಮನಸ್ಸಿನಲ್ಲಿ ಕೂತಿದೆ, ಏಳುತ್ತಿಲ್ಲ. ಬೀದಿಯವರ ಓಟನ್ನೆಲ್ಲ ಕೇಳಿದಿರಿ. ನಿಮ್ಮ ಓಟು ಯಾರಿಗೆ ಎಂದು ನಿಮ್ಮನ್ನು ಯಾರೂ ಕೇಳಲಿಲ್ಲ. ಸಾಹೇಬ್ರು ಕೇಳಲಿಲ್ಲ, ಊರು ಕೇಳಲಿಲ್ಲ, ನೀವೂ ನಿಮ್ಮನ್ನು ಕೇಳಿಕೊಳ್ಳಲಿಲ್ಲ. ಈ ಮನೆಯಲ್ಲಿ ಇಷ್ಟು ವರ್ಷ ಸ್ವಂತ ಓಟು ಇದ್ದದ್ದು ನನಗೊಬ್ಬಳಿಗೇ. ನಿಮಗೆ ಇರಲೇ ಇಲ್ಲ.

ಈ ಶುಕ್ರವಾರ ನಿಮಗೂ ಇದೆ. ಬನ್ನಿ. ಏಜೆಂಟಾಗಿ ಬೂತಿನ ಒಳಗೆ ಕೂರುವುದು ಬೇಡ, ಹೊರಗೆ ನಿಂತು ಚೀಟಿ ಹರಿದು ಕೊಡುವುದೂ ಬೇಡ. ಗಂಡಸರ ಸಾಲಿನಲ್ಲಿ ಎಲ್ಲರ ಹಾಗೆ ಬಿಸಿಲಲ್ಲಿ ನಿಂತುಕೊಳ್ಳಿ. ಒಳಗೆ ಹೋಗಿ ಪೂರ್ತಿ ಹೊತ್ತು ತೆಗೆದುಕೊಂಡು ಒಂದೊಂದು ಹೆಸರೂ ಓದಿ, ನಿಮಗೆ ಯಾರು ಸರಿ ಅನಿಸುತ್ತಾರೋ ಅವರಿಗೆ ಹಾಕಿ. ಸಾಹೇಬ್ರು ಹೇಳಿದವರೇ ಸರಿ ಅನಿಸಿದರೆ ಅವರಿಗೇ ಹಾಕಿ, ನನ್ನದೇನೂ ಇಲ್ಲ. ಹೊರಗೆ ಬಂದ ಮೇಲೆ ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ನೀವಾಗಿ ಹೇಳಲು ಬಂದರೂ ಕಿವಿ ಮುಚ್ಚಿಕೊಳ್ಳುತ್ತೇನೆ.

ನಿಮ್ಮ ತಂಗಿಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ಬಿಸಿಲಲ್ಲಿ ಬರುತ್ತೀರಿ, ತಲೆಗೆ ಟವೆಲ್ ಸುತ್ತಿಕೊಂಡು ಬನ್ನಿ. ದೇವರು ನಿಮ್ಮ ಕಾಲಿಗೂ ಮನಸ್ಸಿಗೂ ಶಕ್ತಿ ಕೊಡಲಿ. ಗುರುವಾರ ಸಂಜೆಯ ಬಸ್ಸಿಗೆ ಎರಡು ಮುದ್ದೆ ಹೆಚ್ಚಿಗೆ ಕೂಡಿಸಿರುತ್ತೇನೆ.

ಇಂತಿ,
ನಿಮ್ಮಿಂದ ಎಲೆ ತೆಗೆದುಕೊಳ್ಳದ, ನಿಮ್ಮನ್ನು ಬಿಟ್ಟೂ ಕೊಡದ
ನಾಗರತ್ನ